ಅಸ್ತೇಯವೂ ಲೋಕವಿಶ್ವಾಸವೂ

ಪತಂಜಲಿ ಮಹರ್ಷಿಗಳು ಯೋಗಶಾಸ್ತ್ರದಲ್ಲಿ ಹೇಳಿರುವ ಐದು ಯಮಗಳಲ್ಲಿ ಅಸ್ತೇಯವು ಮೂರನೆಯದು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬುದು ಆ ಕ್ರಮ. ನಮ್ಮ ಪ್ರವಚನಕಾರರು ಅಹಿಂಸೆಯನ್ನು ಕುರಿತು ಒಂದು ವಾರ ಮಾತನಾಡಬಲ್ಲರು. ಸತ್ಯಕ್ಕೆ ಹರಿಶ್ಚಂದ್ರನ ಕಥೆಯೊಂದನ್ನೇ ಹಿಡಿದು ನವರಾತ್ರಿಯ ಒಂಬತ್ತು ಸಂಜೆಗಳನ್ನೂ ತುಂಬಿಸಬಲ್ಲರು. ಅಸ್ತೇಯಕ್ಕೆ ಬಂದಾಗ ಮಾತ್ರ 'ಕಳ್ಳತನ ಮಾಡದಿರುವುದು' ಎಂದು ಅರ್ಥ ಹೇಳಿ ಮುಂದಕ್ಕೆ ಸಾಗುವುದು ವಾಡಿಕೆ. ಸಭೆಯಲ್ಲಿ ಕುಳಿತವರೆಲ್ಲ ಮರ್ಯಾದಸ್ಥರು. ಅವರೆದುರು ಕಳ್ಳತನದ ಮಾತನ್ನು ಬೆಳೆಸುವುದು ಸಭ್ಯತೆಯಲ್ಲವೆಂಬ ಸಂಕೋಚವೂ ಇದ್ದೀತು.

ಆದರೆ ಈ ಯಮಕ್ಕೆ ಸೂತ್ರಕಾರರು ಹೇಳುವ ಫಲವು ಸ್ವಲ್ಪ ವಿಚಿತ್ರವಾಗಿದೆ. ಅಸ್ತೇಯದಲ್ಲಿ ದೃಢವಾಗಿ ನೆಲೆನಿಂತವನ ಬಳಿಗೆ ಸಕಲ ರತ್ನಗಳೂ ತಾವಾಗಿಯೇ ಬಂದು ನಿಲ್ಲುವುವಂತೆ. ಪರರ ಸೊತ್ತನ್ನು ಮುಟ್ಟದವನಿಗೆ ರತ್ನಗಳಿಂದ ಆಗಬೇಕಾದುದೇನು? ಇದನ್ನು ಸಿದ್ಧಿಯೆಂದೂ ಪವಾಡವೆಂದೂ ತಿಳಿಯುವವರು ಹಾಗೆಯೇ ತಿಳಿಯಲಿ. ನನಗಾದರೋ ಇದರಲ್ಲಿ ಲೋಕಾನುಭವದ ಒಂದು ಸರಳವಾದ ಮಾತು ಕಾಣುತ್ತದೆ. ಹಿಂದಿನ ಕಾಲದಲ್ಲಿ ಕಾಶೀಯಾತ್ರೆಗೆ ಹೊರಟವರು ತಮ್ಮ ಒಡವೆಗಳನ್ನು ಗಂಟುಕಟ್ಟಿ ಊರಿನ ಒಬ್ಬ ಹಿರಿಯರ ಮನೆಯಲ್ಲಿ ಇಟ್ಟುಹೋಗುತ್ತಿದ್ದರು. ಆ ಹಿರಿಯರು ಸಿರಿವಂತರಾಗಿರಬೇಕೆಂದಿರಲಿಲ್ಲ. ಅವರ ಮನೆಯ ಬಾಗಿಲಿಗೆ ಗಟ್ಟಿಯಾದ ಚಿಲಕವಿರಬೇಕೆಂದೂ ಇರಲಿಲ್ಲ. ಅವರು ಇನ್ನೊಬ್ಬರದನ್ನು ಮುಟ್ಟುವವರಲ್ಲವೆಂಬುದು ಊರಿಗೆ ತಿಳಿದಿದ್ದರೆ ಸಾಕಾಗಿತ್ತು. ರತ್ನಗಳು ಬಂದು ನಿಲ್ಲುವುದೆಂದರೆ ಇದೇ. ಅವು ಅವನ ರತ್ನಗಳಲ್ಲ. ಊರಿನವರ ವಿಶ್ವಾಸವು ಅವನ ಜಗಲಿಯ ಮೇಲೆ ಬಂದು ಕುಳಿತಿದೆ.

ಹಾಗಾದರೆ ಅಸ್ತೇಯವು ಕೆಟ್ಟಾಗ ಲೋಕದಿಂದ ಹೊರಟುಹೋಗುವುದೂ ಆ ರತ್ನವೇ ಆಗಿರಬೇಕಲ್ಲವೆ?

ಬ್ಯಾಂಕಿನಲ್ಲಿಯೋ ಅಂಚೆ ಕಛೇರಿಯಲ್ಲಿಯೋ ಚಲನ್ ಬರೆಯುವ ಮೇಜಿನ ಮೇಲೆ ಒಂದು ಪೆನ್ನು ಇರುತ್ತದೆ. ಅದರ ಬಾಲಕ್ಕೆ ದಾರ ಕಟ್ಟಿ ದಾರದ ಇನ್ನೊಂದು ತುದಿಯನ್ನು ಮೇಜಿಗೆ ಬಿಗಿದಿರುತ್ತಾರೆ. ರೈಲ್ವೆ ನಿಲ್ದಾಣಗಳ ನೀರಿನ ತೊಟ್ಟಿಯ ಬಳಿ ಸರಪಣಿ ತೊಡಿಸಿದ ಲೋಟವನ್ನು ನಮ್ಮಲ್ಲಿ ಹಿರಿಯರಾದವರು ಕಂಡಿರುತ್ತಾರೆ. ಎಂದೋ ಯಾರೋ ಒಬ್ಬನು ಐದು ರೂಪಾಯಿಯ ಪೆನ್ನನ್ನು ಜೇಬಿಗೆ ಇಳಿಸಿಕೊಂಡು ಹೋದನು. ಕಛೇರಿಗೆ ಆದ ನಷ್ಟ ಐದೇ ರೂಪಾಯಿ. ಆದರೆ ಅಂದಿನಿಂದ ಆ ಮೇಜಿನ ಬಳಿಗೆ ಬರುವ ಪ್ರತಿಯೊಬ್ಬ ಗೃಹಸ್ಥನಿಗೂ, ಪ್ರತಿಯೊಬ್ಬ ವೃದ್ಧೆಗೂ ಆ ದಾರವು ಮೌನವಾಗಿ ಒಂದು ಮಾತನ್ನು ಹೇಳುತ್ತಿದೆ: ನೀವೂ ಒಯ್ಯಬಹುದು. ನಮಗೆ ಅದು ಅವಮಾನವೆಂದೂ ತೋರುವುದಿಲ್ಲ. ಅಷ್ಟರಮಟ್ಟಿಗೆ ನಾವು ದಾರಕ್ಕೆ ಒಗ್ಗಿಹೋಗಿದ್ದೇವೆ.

ಇದು ಹೊಟ್ಟೆಗಿಲ್ಲದವರ ಕೆಲಸವೆಂದು ತಳ್ಳಿಹಾಕುವಂತಿಲ್ಲ. 2017ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಗೋವೆಯ ಕರ್ಮಳಿಗೆ ತೇಜಸ್ ಎಂಬ ಹೊಸ ರೈಲು ಹೊರಟಿತು. ಪ್ರತಿ ಆಸನಕ್ಕೂ ಒಂದು ಪರದೆ, ಕೇಳಲು ಒಂದು ಹೆಡ್‌ಫೋನು. ಮೊದಲನೆಯ ಯಾನ ಮುಗಿಯುವುದರೊಳಗೆ ಹಲವು ಹೆಡ್‌ಫೋನುಗಳು ಕಾಣೆಯಾಗಿದ್ದವು. ಕೆಲವು ಪರದೆಗಳು ಗೀಚಿ ಹಾಳಾಗಿದ್ದವು. ಪಶ್ಚಿಮ ರೈಲ್ವೆಯು 2017-18ರ ಒಂದೇ ವರ್ಷದ ಲೆಕ್ಕವನ್ನು ಪ್ರಕಟಿಸಿದಾಗ, ಹವಾನಿಯಂತ್ರಿತ ಬೋಗಿಗಳಿಂದ ಸುಮಾರು 1.95 ಲಕ್ಷ ಕೈವಸ್ತ್ರಗಳೂ 81 ಸಾವಿರಕ್ಕಿಂತ ಹೆಚ್ಚು ಹಾಸುಬಟ್ಟೆಗಳೂ ಹೋಗಿದ್ದುವೆಂದು ತಿಳಿದುಬಂತು. ಆ ಬೋಗಿಗಳಲ್ಲಿ ಪ್ರಯಾಣ ಮಾಡುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಲೇಖನಗಳನ್ನು ಓದುವವರೂ ಬರೆಯುವವರೂ ಆ ಬೋಗಿಯವರೇ.

ಒಬ್ಬ ಸದ್ಗೃಹಸ್ಥನು ನೆರೆಮನೆಯ ಹಗ್ಗದ ಮೇಲೆ ಒಣಗುತ್ತಿರುವ ಟವೆಲನ್ನು ಕನಸಿನಲ್ಲಿಯೂ ಮುಟ್ಟುವುದಿಲ್ಲ. ಅವನೇ ರೈಲಿನ ಟವೆಲನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾನೆ. ಮೊದಲನೆಯದಕ್ಕೆ ಒಬ್ಬ ಯಜಮಾನನಿದ್ದಾನೆ, ಅವನ ಮುಖ ಗೊತ್ತಿದೆ. ಎರಡನೆಯದು 'ಯಾರದೂ ಅಲ್ಲ'. ಸರ್ಕಾರದ್ದು, ಕಂಪೆನಿಯದು, ಪಂಚಾಯಿತಿಯದು ಎಂಬ ಮಾತುಗಳಿಗೆಲ್ಲ ನಮ್ಮ ಮನಸ್ಸಿನ ನಿಘಂಟಿನಲ್ಲಿ ಇದೊಂದೇ ಅರ್ಥ. ಸಾರ್ವಜನಿಕ ಸೊತ್ತಿಗೆ ಹಾನಿಮಾಡಿದವರಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವ ಕಾನೂನು 1984ರಲ್ಲಿಯೇ ಬಂದಿದೆ. ನಿಘಂಟು ಮಾತ್ರ ತಿದ್ದುಪಡಿಯಾಗಿಲ್ಲ.

ನಮ್ಮ ಹಿರಿಯರು ಈ ತೊಡಕನ್ನು ಬೇರೊಂದು ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಎಲ್ಲರದಾದುದು ದೇವರದು. ಕೆರೆ, ತೋಪು, ಛತ್ರ, ಹುಲ್ಲುಗಾವಲು ಎಲ್ಲಕ್ಕೂ ಯಾವುದಾದರೊಂದು ದೇವತೆಯ ಹೆಸರು. ನಾವು ಬಂದು ನೆಲೆಸಿರುವ ಈ ಕೇರಳದಲ್ಲಿ ದೇವಾಲಯಗಳ ಆಡಳಿತ ಮಂಡಲಿಗೆ ಇಂದಿಗೂ 'ದೇವಸ್ವಂ' ಎಂದೇ ಹೆಸರು. ದೇವರ ಸ್ವತ್ತು ಎಂದರ್ಥ. ಅಂಬಲಮುಗಳ್ ಎಂಬುದನ್ನು ಹೊಸದಾಗಿ ಕೇಳಿದ ಕನ್ನಡಿಗನಿಗೆ ಹೂವಿನ ಮುಗುಳು ನೆನಪಾಗಬಹುದು. ಮಲೆಯಾಳದಲ್ಲಿ ಅಂಬಲವೆಂದರೆ ದೇವಾಲಯ, ಮುಗಳೆಂದರೆ ಮೇಲ್ಭಾಗ. ದೇಗುಲದ ಹೆಸರು ಹೊತ್ತ ಆ ದಿಬ್ಬದ ಮೇಲೆ 1966ರಿಂದ ತೈಲ ಶುದ್ಧೀಕರಣಾಗಾರದ ಹೊಗೆಗೊಳವೆಗಳು ನಿಂತಿವೆ. ಹಲವು ಕನ್ನಡ ಕುಟುಂಬಗಳಿಗೆ ಅನ್ನವನ್ನೂ ಕೊಟ್ಟಿವೆ.

ದೇವಸ್ವದ ಭಾವನೆ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ತಿರುವನಂತಪುರದ ಒಂದು ಸಂಪ್ರದಾಯವನ್ನು ನೋಡಬೇಕು. 1750ರಲ್ಲಿ ಮಾರ್ತಾಂಡವರ್ಮ ಮಹಾರಾಜರು ತಿರುವಾಂಕೂರು ರಾಜ್ಯವನ್ನೇ ಶ್ರೀ ಪದ್ಮನಾಭಸ್ವಾಮಿಗೆ ಅರ್ಪಿಸಿ, ತಾವು ಪದ್ಮನಾಭದಾಸರೆಂದು ಕರೆದುಕೊಂಡು ಆಳಿದರು. ಆ ಮನೆತನದವರು ದರ್ಶನ ಮುಗಿಸಿ ದೇವಾಲಯದಿಂದ ಹೊರಡುವಾಗ ಅಂಗಾಲಿಗೆ ಅಂಟಿದ ಧೂಳನ್ನು ಕೊಡವಿ ಹೊರಬರುವರು. ದೇವರ ಮಣ್ಣಿನ ಒಂದು ಕಣವೂ ತಮ್ಮೊಡನೆ ಬರಬಾರದೆಂಬುದು ಅದರ ಆಶಯ. 2011ರಲ್ಲಿ ಅಲ್ಲಿಯ ನೆಲಮಾಳಿಗೆಗಳು ತೆರೆದಾಗ ಜಗತ್ತೆಲ್ಲ ಚಿನ್ನದ ಲೆಕ್ಕ ಹಾಕಿತು. ಧೂಳಿನ ಲೆಕ್ಕವನ್ನು ಗಮನಿಸಿದವರು ಕಡಿಮೆ. ಶಿವಾಲಯಗಳಲ್ಲಿ ಚಂಡಿಕೇಶ್ವರನ ಮುಂದೆ ನಾವು ಚಪ್ಪಾಳೆ ತಟ್ಟುವುದೂ ಇದೇ ಅಭಿಪ್ರಾಯದಿಂದ: ನೋಡು, ನನ್ನ ಕೈ ಬರಿದಾಗಿದೆ, ಶಿವನದನ್ನು ಏನನ್ನೂ ಒಯ್ಯುತ್ತಿಲ್ಲ. ಈಗ ಮಕ್ಕಳು ಅದನ್ನು ಆಟವೆಂದು ತಟ್ಟುತ್ತಾರೆ. ದೊಡ್ಡವರು ದೇವರನ್ನು ಎಬ್ಬಿಸುವುದಕ್ಕೆಂದು ಅರ್ಥ ಹೇಳುತ್ತಾರೆ.

ಮಹಾಬಲಿಯ ಕಥೆಯಲ್ಲಿಯೂ ಇದೇ ಸೂಕ್ಷ್ಮತೆಯಿದೆ. ನಮಗೆ ಬಲಿ ಚಕ್ರವರ್ತಿಯು ದೀಪಾವಳಿಯ ಪಾಡ್ಯದಂದು ಬರುತ್ತಾನೆ. ಇಲ್ಲಿಯವರಿಗೆ ಓಣಂದು ಬರುತ್ತಾನೆ. ಅವನ ಆಳ್ವಿಕೆಯನ್ನು ಮಲೆಯಾಳದ ಜನಪದವು ನೆನೆಯುವಾಗ ಅರಮನೆಯ ವೈಭವವನ್ನಾಗಲಿ ದಿಗ್ವಿಜಯವನ್ನಾಗಲಿ ಮೊದಲು ನೆನೆಯುವುದಿಲ್ಲ. ಅಂದು ಅಳತೆಯ ಪಾತ್ರೆಗಳು ಸುಳ್ಳಾಗಿರಲಿಲ್ಲವೆಂದು ನೆನೆಯುತ್ತದೆ. ಬತ್ತವನ್ನು ಅಳೆಯುವ ಪರ, ಎಣ್ಣೆಯನ್ನು ಅಳೆಯುವ ನಾಳಿ, ಇವು ಸರಿಯಾಗಿದ್ದ ಕಾಲವೇ ಸುವರ್ಣಯುಗ. ಸಂತೆಯಲ್ಲಿ ಪಾವಿನ ತಳ ತಟ್ಟಿಸಿದ ವ್ಯಾಪಾರಿಯಿಂದ ಮೋಸಹೋದ ಬಡವನೇ ಈ ಕಲ್ಪನೆಯನ್ನು ಮಾಡಿರಬೇಕು.

ಇಷ್ಟು ಹೇಳಿ, ಹಿಂದಿನದೆಲ್ಲ ಚೆನ್ನಾಗಿತ್ತೆಂದು ನಿಲ್ಲಿಸಿಬಿಟ್ಟರೆ ಸತ್ಯಕ್ಕೆ ಅಪಚಾರವಾಗುತ್ತದೆ. ದೇವಸ್ವವು ಎಲ್ಲರದೆಂಬ ಮಾತಿನಲ್ಲಿ 'ಎಲ್ಲರು' ಯಾರು? ವೈಕಂ ಇಲ್ಲಿಂದ ಬಹಳ ದೂರವಿಲ್ಲ. ಅಲ್ಲಿಯ ಮಹಾದೇವ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಅವರ್ಣರು ಕಾಲಿಡಲೂ ಅವಕಾಶವಿರಲಿಲ್ಲ. ಬೀದಿಯು ಸಾರ್ವಜನಿಕ, ಅವರು ಕೊಡುವ ತೆರಿಗೆಯೂ ಸಾರ್ವಜನಿಕ. ಕಾಲು ಮಾತ್ರ ನಿಷಿದ್ಧ. 1924ರಲ್ಲಿ ಅಲ್ಲಿ ಸತ್ಯಾಗ್ರಹ ನಡೆಯಿತು. ಮರುವರ್ಷ ಗಾಂಧೀಜಿಯವರೂ ಬಂದರು. ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಲು 1936ರ ನವೆಂಬರ್ 12ರ ಘೋಷಣೆಯವರೆಗೆ ಕಾಯಬೇಕಾಯಿತು. ಯಾವ ಧೂಳನ್ನು ಅರಸರು ಅಷ್ಟು ಭಕ್ತಿಯಿಂದ ಕೊಡವಿ ಹೊರಬರುತ್ತಿದ್ದರೋ ಆ ಧೂಳನ್ನು ತುಳಿಯುವ ಹಕ್ಕೂ ಲಕ್ಷಾಂತರ ಜನಕ್ಕೆ ಇರಲಿಲ್ಲ. ಇದೂ ಒಂದು ಬಗೆಯ ಸ್ತೇಯವೆನ್ನದೆ ಗತಿಯಿಲ್ಲ, ಮತ್ತು ಇದು ಸಣ್ಣದಲ್ಲ. ತನಗೆ ಪ್ರವೇಶವಿಲ್ಲದ ತೋಟದ ಬೇಲಿಯನ್ನು ಯಾರೂ ಪ್ರೀತಿಯಿಂದ ಕಾಯುವುದಿಲ್ಲ.

ಕಿರುಗಳ್ಳತನದ ವಿಷಯದಲ್ಲಿ ನಮ್ಮ ಪರಂಪರೆಯು ಹೇಳಿರುವ ಕಥೆಗಳಲ್ಲಿ ಶಂಖ ಲಿಖಿತರದು ಅತ್ಯಂತ ಕಠೋರವಾದುದು. ಮಹಾಭಾರತದ ಶಾಂತಿಪರ್ವದಲ್ಲಿ, ರಾಜ್ಯಭಾರಕ್ಕೆ ಹಿಂಜರಿಯುತ್ತಿದ್ದ ಯುಧಿಷ್ಠಿರನಿಗೆ ವ್ಯಾಸರು ಇದನ್ನು ಹೇಳುತ್ತಾರೆ. ಬಾಹುದಾ ನದಿಯ ದಡದಲ್ಲಿ ಅಣ್ಣತಮ್ಮಂದಿರಿಬ್ಬರ ಆಶ್ರಮಗಳು. ಒಂದು ದಿನ ತಮ್ಮನಾದ ಲಿಖಿತನು ಅಣ್ಣನ ಆಶ್ರಮಕ್ಕೆ ಬಂದಾಗ ಶಂಖನು ಹೊರಗೆ ಹೋಗಿದ್ದನು. ಮರಗಳಲ್ಲಿ ಹಣ್ಣು ತುಂಬಿತ್ತು. ಲಿಖಿತನು ಕೆಲವನ್ನು ಕಿತ್ತು ನಿಶ್ಚಿಂತೆಯಿಂದ ತಿನ್ನುತ್ತ ಕುಳಿತನು. ಅಷ್ಟರಲ್ಲಿ ಶಂಖನು ಬಂದು, ಈ ಹಣ್ಣು ಎಲ್ಲಿಯದೆಂದು ಕೇಳಿದನು. ತಮ್ಮನು ನಮಸ್ಕರಿಸಿ, ನಗುತ್ತ, ಇಲ್ಲಿಯದೇ ಎಂದನು. ಆ ನಗುವನ್ನು ಗಮನಿಸಬೇಕು. ಅಣ್ಣನ ಮನೆಯ ಹಣ್ಣು, ಅದರಲ್ಲಿ ಏನಿದೆ? ರೈಲಿನ ಟವೆಲು ಒಯ್ಯುವವನ ಮುಖದಲ್ಲಿಯೂ ಅದೇ ನಗುವಿರುತ್ತದೆ. ಶಂಖನು ನಗಲಿಲ್ಲ. ಕೇಳದೆ ತೆಗೆದುಕೊಂಡುದರಿಂದ ಇದು ಕಳವು, ರಾಜನ ಬಳಿಗೆ ಹೋಗಿ ಕಳ್ಳನಿಗೆ ವಿಧಿಸುವ ಶಿಕ್ಷೆಯನ್ನು ಬೇಡು ಎಂದನು.

ಲಿಖಿತನು ಸುದ್ಯುಮ್ನ ರಾಜನಲ್ಲಿಗೆ ಹೋದನು. ಋಷಿಯು ಬಂದನೆಂದು ರಾಜನು ಕಾಲ್ನಡಿಗೆಯಲ್ಲಿ ಎದುರುಗೊಂಡು, ತಾವು ಹೇಳಿದುದನ್ನು ನಡೆಸಿಕೊಡುವೆನೆಂದು ಮಾತುಕೊಟ್ಟನು. ವಿಷಯವನ್ನು ಕೇಳಿದ ಮೇಲೆ ಅವನ ಮನಸ್ಸು ಹಿಂಜರಿಯಿತು. ದಂಡಿಸುವ ಅಧಿಕಾರವು ರಾಜನಿಗೆ ಇರುವುದಾದರೆ ಕ್ಷಮಿಸುವ ಅಧಿಕಾರವೂ ಇದೆಯಷ್ಟೆ ಎಂದು ಹೇಳಿ, ಬೇರೆ ಏನು ಬೇಕಾದರೂ ಕೇಳಿರೆಂದನು. ಲಿಖಿತನು ಒಪ್ಪಲಿಲ್ಲ. ಕೊನೆಗೆ ಅವನ ಎರಡು ಕೈಗಳನ್ನೂ ಕತ್ತರಿಸಲಾಯಿತು. ಅವನು ಹಿಂದಿರುಗಿದಾಗ ಶಂಖನು ಸಮಾಧಾನದಿಂದ, ನದಿಯಲ್ಲಿ ಮಿಂದು ತರ್ಪಣ ಕೊಡೆಂದನು. ಮೀಯುತ್ತಿರುವಂತೆಯೇ ಕಮಲಗಳಂತೆ ಎರಡು ಕೈಗಳು ಮೂಡಿಬಂದವು. ಅಣ್ಣಾ, ನಿನ್ನ ತಪಸ್ಸಿಗೆ ಇಷ್ಟು ಶಕ್ತಿಯಿದ್ದಾಗ ಮೊದಲೇ ನನ್ನನ್ನು ಶುದ್ಧಿಮಾಡಬಾರದಾಗಿತ್ತೆ ಎಂದು ತಮ್ಮನು ಕೇಳಿದುದು ನ್ಯಾಯವಾದ ಪ್ರಶ್ನೆಯೇ. ಶಂಖನ ಉತ್ತರ: ನಾನು ನಿನಗೆ ದಂಡಾಧಿಕಾರಿಯಲ್ಲ.

ಎರಡು ಹಣ್ಣಿಗೆ ಎರಡು ಕೈ ಎಂಬ ಲೆಕ್ಕವನ್ನು ಇಂದು ಯಾವ ವಿವೇಕಿಯೂ ಒಪ್ಪಲಾರನು, ಒಪ್ಪಬೇಕಾದುದೂ ಇಲ್ಲ. ನನ್ನ ಮನಸ್ಸು ನಿಲ್ಲುವುದು ಆ ಕೊನೆಯ ಮಾತಿನಲ್ಲಿ. ಸೊತ್ತು ಶಂಖನದು, ಕೋಪವೂ ಅವನದು, ಅಪರಾಧಿಯು ಕೈಗೆ ಸಿಕ್ಕಿದ್ದಾನೆ. ಆದರೂ ಅವನು ತಾನೇ ದಂಡವನ್ನು ಎತ್ತಲಿಲ್ಲ. ಹೊರಗಿನಿಂದ ಯಾರೂ ಲಿಖಿತನನ್ನು ಕಟ್ಟಿ ಎಳೆದೊಯ್ಯಲಿಲ್ಲ. ದೊಡ್ಡವನೆಂದು ರಾಜನು ಬಿಡಲು ಸಿದ್ಧನಾದಾಗಲೂ, ದೊಡ್ಡವನಿಗೆ ಬೇರೆ ನ್ಯಾಯ ಬೇಡವೆಂದವನು ತಪ್ಪಿತಸ್ಥನೇ.

ಇದನ್ನು ಓದುವಾಗ 2018ರ ಫೆಬ್ರವರಿ 22 ನೆನಪಿಗೆ ಬಾರದಿರುವುದಿಲ್ಲ. ಪಾಲಕ್ಕಾಡು ಜಿಲ್ಲೆಯ ಅಟ್ಟಪ್ಪಾಡಿಯಲ್ಲಿ ಕಾಡಿನಲ್ಲಿ ಅಲೆದುಕೊಂಡಿದ್ದ ಒಬ್ಬ ಆದಿವಾಸಿ ತರುಣನನ್ನು ಜನರ ಗುಂಪೊಂದು ಹಿಡಿದುತಂದಿತು. ಅಂಗಡಿಗಳಿಂದ ಅಕ್ಕಿಯನ್ನೂ ದಿನಸಿಯನ್ನೂ ಕದ್ದನೆಂಬುದು ಆರೋಪ. ಅವನ ಕೈಗಳನ್ನು ಕಟ್ಟಿ ಹೊಡೆದರು. ಕಟ್ಟಿಹಾಕಿದ ಅವನ ಪಕ್ಕದಲ್ಲಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡವರೂ ಇದ್ದರು. ಪೊಲೀಸರು ಅವನನ್ನು ವಶಕ್ಕೆ ಪಡೆದು ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿಯೇ ಅವನ ಪ್ರಾಣ ಹೋಯಿತು. ಐದು ವರ್ಷಗಳ ಮೇಲೆ, 2023ರ ಏಪ್ರಿಲ್‌ನಲ್ಲಿ, ಮಣ್ಣಾರ್ಕಾಡಿನ ವಿಶೇಷ ನ್ಯಾಯಾಲಯವು 14 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ, ಅವರಲ್ಲಿ 13 ಮಂದಿಗೆ ಏಳು ವರ್ಷಗಳ ಕಠಿಣ ಸೆರೆವಾಸವನ್ನು ವಿಧಿಸಿತು.

ಅಟ್ಟಪ್ಪಾಡಿಯ ಇರುಳರೂ ಮುಡುಗರೂ ಕುರುಂಬರೂ ಹಿಂದೆ ಆ ಬೆಟ್ಟದ ಒಡೆಯರು. ಹೊರಗಿನವರ ಪಾಲಾದ ಆದಿವಾಸಿಗಳ ಭೂಮಿಯನ್ನು ಅವರಿಗೇ ಮರಳಿಸಬೇಕೆಂದು ಕೇರಳದ ಶಾಸನಸಭೆಯು 1975ರಲ್ಲಿ ಕಾನೂನು ಮಾಡಿತು. ಅದನ್ನು ಜಾರಿಗೊಳಿಸದೆ ದಶಕಗಳು ಕಳೆದವು. ಬೆಟ್ಟವು ಹೋದುದಕ್ಕೆ ಯಾರ ಕೈಯನ್ನೂ ಯಾರೂ ಕಟ್ಟಲಿಲ್ಲ. ಹಿಡಿ ಅಕ್ಕಿಗೆ ಕಟ್ಟಿದರು. ಸಮಾಜದಲ್ಲಿ ವಿಶ್ವಾಸ ಕುಸಿಯುತ್ತಿದೆಯೆಂದು ನಾವು ಮರುಗುವಾಗ, ಕಳ್ಳರು ಹೆಚ್ಚಿದುದರಿಂದ ಕುಸಿಯಿತೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಅಂದು ಆ ಬೆಟ್ಟದಲ್ಲಿ ವಿಶ್ವಾಸವನ್ನು ಕೊಂದವರು ಕಳ್ಳನನ್ನು ಹಿಡಿದೆವೆಂದು ಹೇಳಿಕೊಂಡವರು.

ಗುಂಪಿನ ಕ್ರೌರ್ಯ ನಮ್ಮದಲ್ಲವೆಂದು ನೆಮ್ಮದಿಪಡುವುದೂ ಬೇಡ. ಮನೆಯಲ್ಲಿ ಒಂದು ಉಂಗುರ ಕಾಣದಾದಾಗ ಮೊದಲು ನೆನಪಾಗುವ ಮುಖ ಯಾರದು? ಪಾತ್ರೆ ತೊಳೆಯಲು ಬರುವ ಹೆಂಗಸಿನದು. ಮೊಹಲ್ಲೆಯಲ್ಲಿ ಸೈಕಲ್ ಹೋದರೆ ಬಂಗಾಳದಿಂದಲೋ ಒಡಿಶಾದಿಂದಲೋ ಬಂದ ಕೂಲಿಯವನದು. ಸರ್ಕಾರವು ಅವನಿಗೆ 'ಅತಿಥಿ ಕಾರ್ಮಿಕ' ಎಂಬ ಚೆಂದದ ಹೆಸರನ್ನು ಇಟ್ಟಿದ್ದರೂ ಅಷ್ಟೆ. ಉಂಗುರವು ಹಾಸಿಗೆಯ ಮಡಿಕೆಯಲ್ಲಿ ಸಿಕ್ಕ ಮೇಲೆ ಆ ಹೆಂಗಸಿಗೆ ಯಾರೂ ಏನೂ ಹೇಳುವುದಿಲ್ಲ. ಬಾಯಿಬಿಟ್ಟು ಆಪಾದಿಸಿಯೇ ಇರಲಿಲ್ಲವಲ್ಲ, ಕ್ಷಮೆ ಕೇಳುವುದೇಕೆ! 2017ರ ಜೂನ್‌ನಲ್ಲಿ ಕೊಚ್ಚಿಯ ಮೆಟ್ರೋ ರೈಲು ಆರಂಭವಾದ ಹೊಸತರಲ್ಲಿ, ಬೋಗಿಯ ಆಸನದ ಮೇಲೆ ಒರಗಿ ಮಲಗಿದ್ದ ಒಬ್ಬಾತನ ಚಿತ್ರವು ಕುಡುಕನೆಂಬ ಹೆಸರಿನೊಡನೆ ನಾಡೆಲ್ಲ ಹರಡಿತು. ಅವನು ಕಿವಿ ಕೇಳಿಸದ, ಮಾತು ಬಾರದ ಮನುಷ್ಯ. ಆಸ್ಪತ್ರೆಯಲ್ಲಿದ್ದ ತಮ್ಮನನ್ನು ನೋಡಿ ಬಳಲಿ ಬಂದಿದ್ದನು. ಸಾರ್ವಜನಿಕ ಆಸ್ತಿಯ ಮರ್ಯಾದೆಯನ್ನು ಕಾಪಾಡಹೊರಟವರು ಒಬ್ಬ ಮನುಷ್ಯನ ಮರ್ಯಾದೆಯನ್ನು ದೋಚಿದ್ದರು.

ನಾವು ಕನ್ನಡಿಗರೂ ಇಲ್ಲಿ ಹೊರಗಿನಿಂದ ಬಂದವರೇ. ಮಲೆಯಾಳದಲ್ಲಿ ಅಂಥವನನ್ನು 'ವರತ್ತನ್' ಎನ್ನುವರು. ಭಾಷೆ ಬಾರದ ದಿನಗಳಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟವರೂ ತಿಂಗಳ ಸಾಮಾನನ್ನು ಸಾಲವಾಗಿ ಕೊಟ್ಟ ಅಂಗಡಿಯವರೂ ನಮ್ಮಲ್ಲಿ ಏನನ್ನು ಕಂಡು ಕೊಟ್ಟರು? ಇಲ್ಲಿಯ ಚಹಾದಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯಿಂದ ತಾನೇ ವಡೆಯನ್ನು ತೆಗೆದುಕೊಂಡು ತಿಂದವನು, ಹೋಗುವಾಗ ಎರಡೋ ಮೂರೋ ಎಂದು ತಾನೇ ಹೇಳಿ ಹಣ ಕೊಡುತ್ತಾನೆ. ಎಣಿಸುವವರು ಯಾರೂ ಇಲ್ಲ.

ಹೀಗೆಂದ ಮಾತ್ರಕ್ಕೆ ಬೀಗಗಳನ್ನೆಲ್ಲ ಕಿತ್ತುಹಾಕಬೇಕೆ? ತುರುಗಳ್ಳರು ತನ್ನ ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಅರಚುವುವೆಂದು ಅವನ್ನೂ ಕಳುಹಿಸಿಕೊಡಲು ಹೇಳಿದ ಬಸವಣ್ಣನವರ ಪ್ರಸಂಗವನ್ನು ಶರಣರ ಚರಿತೆಗಳಲ್ಲಿ ಕೇಳುತ್ತೇವೆ. ಆ ಎತ್ತರವು ಎಲ್ಲರಿಗೂ ನಿಲುಕುವಂಥದಲ್ಲ. ಊರಿನ ಬೊಕ್ಕಸವನ್ನು ಕಾಯುವವನು ಹಾಗೆ ಮಾಡಿದರೆ ಅದು ಔದಾರ್ಯವೂ ಆಗದು, ಏಕೆಂದರೆ ಬೊಕ್ಕಸವು ಅವನದಲ್ಲ. ಬಸವಣ್ಣನವರು ಬಿಟ್ಟುಕೊಟ್ಟುದು ತಮ್ಮ ಹಸುಗಳನ್ನು. ಬಿಜ್ಜಳನ ಭಂಡಾರದ ಲೆಕ್ಕದಲ್ಲಿ ಒಂದು ಕಾಸಿಗೂ ಅವರು ಉತ್ತರ ಕೊಡಬಲ್ಲವರಾಗಿದ್ದರೆಂಬುದನ್ನೂ ಅದೇ ಚರಿತೆಗಳು ಹೇಳುತ್ತವೆ. ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ತೈಲ ಶುದ್ಧೀಕರಣಾಗಾರದ ಯಂತ್ರಪ್ರದೇಶದೊಳಗೆ ಬೆಂಕಿಪೆಟ್ಟಿಗೆಯನ್ನು ಯಾರೂ ಒಯ್ಯುವಂತಿಲ್ಲ. ದೊಡ್ಡ ಅಧಿಕಾರಿಯೂ ಇಲ್ಲ, ಗುತ್ತಿಗೆಯ ಕೂಲಿಯೂ ಇಲ್ಲ. ಆ ನಿಯಮದಿಂದ ಯಾರಿಗೂ ಅವಮಾನವಾಗಿಲ್ಲ. ಅಧಿಕಾರಿಯ ಕಾರನ್ನು ಬಿಟ್ಟು ಕೂಲಿಯವನ ಬುತ್ತಿಯನ್ನು ಮಾತ್ರ ಬಿಚ್ಚಿಸಿದರೆ ಅಂದಿನಿಂದ ಬುತ್ತಿಯವನು ಕಾರ್ಖಾನೆಯನ್ನು 'ಅವರದು' ಎನ್ನಲು ತೊಡಗುತ್ತಾನೆ. ಎಲ್ಲಿಯೇ ಆಗಲಿ, ಬೆಂಕಿ ಆರಿಸುವ ಕೊಳಾಯಿಯ ಹಿತ್ತಾಳೆಯ ಮೂತಿಯನ್ನು ಗುಜರಿಯವನು ಕೆಲವು ನೂರು ರೂಪಾಯಿಗೆ ಕೊಳ್ಳುತ್ತಾನೆ. ಅದಿಲ್ಲದ ದಿನ ಬೆಂಕಿ ಬಿದ್ದರೆ ಏನಾಗುವುದೆಂಬುದನ್ನು ಕಾರ್ಖಾನೆಗಳ ಮಗ್ಗುಲಲ್ಲಿ ವಾಸಮಾಡುವವರಿಗೆ ವಿವರಿಸಬೇಕಾಗಿಲ್ಲ. 'ಅವರದು' ಎಂಬ ಒಂದು ಮಾತಿನ ಬೆಲೆ ಅಷ್ಟು.

2016ರಲ್ಲಿ ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ, ವಯನಾಡಿನಿಂದ ಬಂದ ಪಿ. ಸಿ. ಮುಸ್ತಫಾ ಅವರ ದೋಸೆಹಿಟ್ಟಿನ ಉದ್ಯಮವು ಕಾವಲಿಲ್ಲದ ಶೀತಲಪೆಟ್ಟಿಗೆಗಳನ್ನು ಇರಿಸಿ, ಬೇಕಾದುದನ್ನು ತೆಗೆದುಕೊಂಡು ಹಣವನ್ನು ಡಬ್ಬಿಗೆ ಹಾಕಿರೆಂದಿತು. ಒಳ್ಳೆಯ ಪ್ರಯೋಗವೇ, ಆದರೆ ಹೆಬ್ಬಾಗಿಲಿನಲ್ಲಿ ಕಾವಲುಗಾರನಿರುವ ಆವರಣದೊಳಗೆ ಹಾಗೆ ನಂಬುವುದು ಅಷ್ಟೇನೂ ಕಷ್ಟವಲ್ಲ. ಮಿಜೋರಾಂ ರಾಜ್ಯದ ಸೇಲಿಂಗ್ ಬಳಿಯ ಹೆದ್ದಾರಿಯಲ್ಲಿ ಬಡ ರೈತರು ಬಿದಿರಿನ ಚಪ್ಪರಗಳಲ್ಲಿ ತರಕಾರಿ, ಹಣ್ಣು, ಹೂವುಗಳನ್ನು ಇಟ್ಟು, ಬೆಲೆಯನ್ನು ಬರೆದು, ಹಣಕ್ಕೊಂದು ಡಬ್ಬಿಯನ್ನಿಟ್ಟು ಹೊಲದ ಕೆಲಸಕ್ಕೆ ಹೊರಟುಹೋಗುತ್ತಾರೆ. ಅಲ್ಲಿ ಹಾದುಹೋಗುವವರು ಮತ್ತೆಂದೂ ಬಾರದ ಅಪರಿಚಿತರು. ಇಲ್ಲದವನು ಇದ್ದವನನ್ನು ನಂಬಿದ್ದಾನೆ.

ದುರ್ಗಾಷ್ಟಮಿಯಂದು ಇಲ್ಲಿ ಪುಸ್ತಕಗಳನ್ನೂ ಉಪಕರಣಗಳನ್ನೂ ದೇವಿಯ ಮುಂದಿಟ್ಟು ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವುದಿಲ್ಲ. ನಮ್ಮ ನಾಡಿನಲ್ಲಿ ಆಯುಧಪೂಜೆಯೆಂದರೆ ಬಸ್ಸುಗಳಿಗೂ ಹಬ್ಬ. ಕೆ.ಎಸ್.ಆರ್.ಟಿ.ಸಿ. ಎಂಬ ಐದು ಅಕ್ಷರಗಳು ಯಾರ ಸೊತ್ತೆಂದು ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳು ವರ್ಷಗಟ್ಟಲೆ ವ್ಯಾಜ್ಯವಾಡಿದುದು ಎಲ್ಲರಿಗೂ ಗೊತ್ತಿದೆ. 2023ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಕೇರಳದ ಅರ್ಜಿಯನ್ನು ವಜಾ ಮಾಡಿತು. ಎರಡೂ ಕಡೆಯ ಬಸ್ಸುಗಳಲ್ಲಿ ಯಾರೋ ಬ್ಲೇಡಿನಿಂದ ಸೀಳಿದ ಆಸನಗಳಿವೆ. ಅವುಗಳಿಗಾಗಿ ಯಾರೂ ವ್ಯಾಜ್ಯ ಹೂಡಿಲ್ಲ. ಹಬ್ಬದ ದಿನ ಚಾಲಕನು ಬಸ್ಸನ್ನು ತೊಳೆದು, ಬಾಳೆಕಂದು ಮಾವಿನೆಲೆ ಕಟ್ಟಿ, ಚಕ್ರಗಳಿಗೂ ಚುಕ್ಕಾಣಿಗೂ ಅರಿಸಿನ ಕುಂಕುಮವಿಟ್ಟು ನಿಂಬೆಹಣ್ಣನ್ನು ತುಳಿಸುತ್ತಾನೆ. ನಿರ್ವಾಹಕನು ಒಳಗೆ ಬಂದು ಆಸನಗಳಿಗೂ ಒಂದೊಂದು ಹೂವನ್ನು ಸಿಕ್ಕಿಸುತ್ತಾನೆ; ಸೀಳಿಹೋದ ಆಸನದಲ್ಲಿ ಹೂವು ನಿಲ್ಲುವುದು ಸ್ವಲ್ಪ ಸುಲಭ.